ಶೀಟು ಮುಟ್ಟುವ ಕೈಗೆ ಯಾವ ಪಾಠ?

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಆಸ್ಬೆಸ್ಟಾಸ್ (ಕಲ್ನಾರು) ಶೀಟಿನ ಕೆಲಸ ಮಾಡುವವರಿಗೆ ಸುರಕ್ಷತೆಯ ತರಬೇತಿ ಬೇಕು ಎಂದರೆ ಎದುರಾಡುವವರು ಕಡಿಮೆ. ಬೇಕು, ಖಂಡಿತ ಬೇಕು ಎನ್ನುತ್ತಾರೆ. ಯಾರಿಗೆ ಯಾವ ತರಬೇತಿ ಎಂದು ಕೇಳಿದ ಕೂಡಲೇ ಜಗಳ ಶುರುವಾಗುತ್ತದೆ. ನನ್ನ ವಾದ ಸರಳ. ಕೆಲಸಗಾರನ ಕೈ ಆ ಶೀಟಿಗೆ ಏನು ಮಾಡುತ್ತದೆ ಎಂಬುದನ್ನು ನೋಡಿ ತರಬೇತಿಯನ್ನು ಆರಿಸಬೇಕು. ಶೀಟಿನ ಕೆಳಗೆ ವಯರು ಎಳೆಯುವವನಿಗೆ ಒಂದು ಪಾಠ, ಶೀಟು ಬಿಚ್ಚಿ ಇಳಿಸುವವನಿಗೆ ಇನ್ನೊಂದು, ಹಳೆಯ ಬಾಯ್ಲರಿನ ಪೈಪಿಗೆ ಸುತ್ತಿದ ಹೊದಿಕೆಯನ್ನು ಕೀಳುವವನಿಗೆ ಮತ್ತೊಂದು. ಎಷ್ಟು ಗಂಟೆ, ಎಷ್ಟು ಶುಲ್ಕ, ಸರ್ಟಿಫಿಕೇಟಿನ ಮೇಲೆ ಯಾರ ಮುದ್ರೆ ಎಂಬುದೆಲ್ಲ ಆಮೇಲಿನ ಮಾತು.

ಇದಕ್ಕೆ ಆಕ್ಷೇಪಗಳು ನಾಲ್ಕೂ ಕಡೆಯಿಂದ ಬರುತ್ತವೆ. ಕಂತ್ರಾಟುದಾರರದ್ದು ಒಂದು, ಶೀಟು ಮಾರುವವರದ್ದು ಒಂದು, ಪರಿಸರದ ಕಾಳಜಿಯುಳ್ಳವರದ್ದು ಒಂದು, ತರಬೇತಿಯನ್ನೇ ಮಾರುವವರದ್ದು ಮತ್ತೊಂದು. ಕೆಲವಕ್ಕೆ ಎರಡು ಮಾತು ಸಾಕು, ಕೆಲವಕ್ಕೆ ಕೂತು ಉತ್ತರಿಸಬೇಕು.

"ಹ್ವಾಯ್, ನಾ ಮೂವತ್ತ್ ವರ್ಷದಿಂದ ಶೀಟ್ ಹಾಕ್ತಾ ಇದ್ದೆ, ನಂಗೆಂತ ಆಯ್ಲ."

ಆಕ್ಷೇಪಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಇದು, ಯಾಕೆಂದರೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಸಿಮೆಂಟ್ ಚೀಲ ಹೊತ್ತ ಬೆನ್ನು ಅಂದೇ ರಾತ್ರಿ ನೋಯುತ್ತದೆ. ಕಲ್ನಾರಿನ ಎಳೆ ಹಾಗೆ ಮಾಡುವುದಿಲ್ಲ. ಅದು ಶ್ವಾಸಕೋಶ ಹೊಕ್ಕ ಮೇಲೆ ರೋಗ ತೋರಿಸಿಕೊಳ್ಳಲು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತಕ್ಕೂ ಮಿಕ್ಕಿ ವರ್ಷ ಹಿಡಿಯುತ್ತದೆ. 1995ರ ಜನವರಿ 27ರಂದು ಸುಪ್ರೀಂ ಕೋರ್ಟು ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ವಿಷಯದಲ್ಲಿ ಕೊಟ್ಟ ತೀರ್ಪನ್ನು ನೋಡಿ. ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಿ ಇಡಬೇಕು ಎಂದಿತು ಕೋರ್ಟು. ಎರಡು ಮೂರು ವರ್ಷಗಳಲ್ಲಿ ಗೊತ್ತಾಗಿಬಿಡುವ ಕಾಯಿಲೆಗೆ ಯಾರೂ ನಲವತ್ತು ವರ್ಷದ ಕಡತ ಇಡಿಸುವುದಿಲ್ಲ. ಮೂವತ್ತು ವರ್ಷ ಏನೂ ಆಗಲಿಲ್ಲ ಎಂದರೆ ಲೆಕ್ಕ ಚುಕ್ತಾ ಆಯಿತು ಎಂದಲ್ಲ, ಕೆಲವರಿಗೆ ಅದು ಇನ್ನೂ ತೆರೆದೇ ಇಲ್ಲ.

ಇನ್ನೊಂದು ಸಂಗತಿಯೂ ಇದೆ. ಅರವತ್ತು ದಾಟಿದವರು ಏದುಸಿರು ಬಿಡುತ್ತಾ ಆಸ್ಪತ್ರೆಗೆ ಹೋದರೆ ಮೊದಲು ಬರುವ ಪ್ರಶ್ನೆ ಬೀಡಿಯದ್ದು, ಆಮೇಲೆ ಕ್ಷಯದ್ದು. ಪ್ರಾಯದಲ್ಲಿ ಏನು ಕೆಲಸ ಮಾಡಿದ್ದೀರಿ ಎಂಬ ಪ್ರಶ್ನೆ ಬರುವುದು ಅಪರೂಪ. ಹಾಗಾಗಿ ಯಾವ ದರ್ಜೆಯ ತರಬೇತಿಯಾದರೂ ಅದರಲ್ಲಿ ಒಂದು ಪಾಠ ತಪ್ಪಬಾರದು. ವೈದ್ಯರ ಮುಂದೆ ಕೂತಾಗ ಕೇಳದಿದ್ದರೂ "ನಾನು ಇಷ್ಟು ವರ್ಷ ಶೀಟು ಕೊಯ್ದಿದ್ದೇನೆ" ಎಂದು ಹೇಳುವ ಪಾಠ ಅದು. ಬೀಡಿಯ ಮಾತೂ ಅಲ್ಲೇ ಬರಬೇಕು. ಹೊಗೆ ಮತ್ತು ಕಲ್ನಾರು ಎರಡೂ ಒಂದೇ ಎದೆಗೆ ಹೋದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಕೂಡಿ ನಿಲ್ಲುವುದಿಲ್ಲ, ಗುಣಿಸಿಕೊಂಡು ಹೋಗುತ್ತದೆ.

"ಎಳೆಯೆಲ್ಲ ಸಿಮೆಂಟಿನೊಳಗೆ ಬಿಗಿಯಾಗಿ ಕೂತಿದೆ, ಅದು ಹಾರುವುದೇ ಇಲ್ಲ."

ಶೀಟು ಮಾರುವವರ ಈ ಮಾತು ಅರ್ಧ ನಿಜ. ನಮ್ಮಲ್ಲಿ ಸಿಗುವ ಶೀಟಿನಲ್ಲಿ ಬಹುಪಾಲು ಸಿಮೆಂಟು, ಹಾರುಬೂದಿ. ಬಿಳಿ ಕಲ್ನಾರು ನೂರಕ್ಕೆ ಎಂಟು ಹತ್ತರಷ್ಟು. ಒಡೆಯದೆ, ಸವೆಯದೆ, ಯಾರೂ ಮುಟ್ಟದೆ ಹಟ್ಟಿಯ ಮೇಲೆ ಮಲಗಿರುವ ಶೀಟು ಕೆಳಗಿನ ದನಕ್ಕೂ ಜನಕ್ಕೂ ದೊಡ್ಡ ಕೇಡು ಮಾಡುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಊರಿನ ಶೀಟನ್ನೆಲ್ಲ ನಾಳೆಯೇ ಕಿತ್ತು ಬಿಸಾಡಿ ಎಂದು ಹೆದರಿಸುವವರ ಸಾಲಿಗೆ ನಾನು ಸೇರಿದವನಲ್ಲ. ಗಾಬರಿಯಲ್ಲಿ ಕೀಳುವುದೇ ಹೆಚ್ಚು ಅಪಾಯ.

ಉಳಿದ ಅರ್ಧ ಗ್ರೈಂಡರಿನ ಬ್ಲೇಡಿನಲ್ಲಿದೆ. ಶೀಟನ್ನು ಅಳತೆಗೆ ಕೊಯ್ಯಲು ಕಟಿಂಗ್ ಮೆಷಿನ್ ಹಚ್ಚಿದ ಕ್ಷಣ ಆ ಬಿಗಿತವೆಲ್ಲ ಪುಡಿಯಾಗಿ ಕೊಯ್ಯುವವನ ಮುಖಕ್ಕೇ ಬರುತ್ತದೆ. ಕಣ್ಣಿಗೆ ಕಾಣುವ ಬಿಳಿ ಧೂಳು ಬಹುಪಾಲು ಸಿಮೆಂಟಿನದ್ದು. ಎದೆಯಲ್ಲಿ ಕೂರುವ ಎಳೆಯ ದಪ್ಪ ಮೂರು ಮೈಕ್ರಾನಿಗಿಂತ ಕಡಿಮೆ, ಬರಿಗಣ್ಣಿಗೆ ಅದು ಸಿಕ್ಕುವುದೇ ಇಲ್ಲ. ಬಿಳಿ ಕಲ್ನಾರು ಸಾಧು, ನೀಲಿ ಕಂದು ಮಾತ್ರ ವಿಷ ಎಂಬ ಮಾತೂ ಇದೆಯಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಒಪ್ಪುವುದಿಲ್ಲ. ಕಲ್ನಾರಿನ ಎಲ್ಲ ಬಗೆಗಳನ್ನೂ ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿನಲ್ಲೇ ಇಟ್ಟಿದೆ.

ಕರಾವಳಿಯ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುವ ಮಳೆ, ಅದರ ಮೇಲೆ ಉಪ್ಪುಗಾಳಿ. ಇಪ್ಪತ್ತೈದು ಮೂವತ್ತು ಮಳೆಗಾಲ ಕಂಡ ಶೀಟಿನ ಮೇಲ್ಮೈಯ ಸಿಮೆಂಟು ತೊಳೆದುಹೋಗಿ ಎಳೆಗಳು ಹೊರಗೆ ಎದ್ದಿರುತ್ತವೆ. ಅದರ ಮೇಲೆ ಪಾಚಿ. ಮೇ ತಿಂಗಳಲ್ಲಿ ಯಾರೋ ಒಬ್ಬರು ಏಣಿ ಹತ್ತಿ ಕಬ್ಬಿಣದ ಬ್ರಶ್ಶಿನಿಂದ ಆ ಪಾಚಿಯನ್ನು ಕೆರೆಯುತ್ತಾರೆ, ಇಲ್ಲವೇ ವಾಹನ ತೊಳೆಯುವ ಪ್ರೆಷರ್ ಪೈಪು ಬಿಡುತ್ತಾರೆ. ಇದನ್ನು ಶೀಟಿನ ಕೆಲಸ ಎಂದು ಯಾರೂ ಕರೆಯುವುದಿಲ್ಲ, ಮಾಡು ಚೊಕ್ಕಟ ಮಾಡುವುದು ಎನ್ನುತ್ತಾರೆ. ಅಪಾಯವಂತೂ ಕೊಯ್ಯುವವನದ್ದರ ಪಕ್ಕದಲ್ಲೇ ಇದೆ.

"ಎಲ್ಲರಿಗೂ ಒಂದು ಅರ್ಧ ದಿನದ ಜಾಗೃತಿ ಕಾರ್ಯಕ್ರಮ ಮಾಡಿಬಿಡಿ, ಮುಗಿಯಿತಲ್ಲ?"

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಒಳ್ಳೆಯ ಮನಸ್ಸಿನವರು ಹೇಳುವುದೂ ಇದನ್ನೇ. ಸಭಾಭವನದಲ್ಲಿ ಇನ್ನೂರು ಮಂದಿ, ಪರದೆಯ ಮೇಲೆ ಶ್ವಾಸಕೋಶದ ಚಿತ್ರ, ಮಧ್ಯಾಹ್ನ ಊಟ, ಕೈಗೊಂದು ಸರ್ಟಿಫಿಕೇಟು, ಮರುದಿನ ಪತ್ರಿಕೆಯಲ್ಲಿ ಫೋಟೊ. ಅದರಿಂದ ಒಳ್ಳೆಯದಾಗುವುದಿಲ್ಲ ಎನ್ನಲಾರೆ. ಕೆಟ್ಟದ್ದೂ ಆಗಬಹುದು ಎನ್ನುವುದು ನನ್ನ ತಕರಾರು.

ಜಾಗೃತಿಯ ಪಾಠ ಕಲಿಸುವುದು ಇಷ್ಟನ್ನು: ಈ ವಸ್ತು ಯಾವುದು, ಎಲ್ಲಿರುತ್ತದೆ, ಮೈಗೆ ಏನು ಮಾಡುತ್ತದೆ, ಕಂಡಾಗ ಕೈ ಹಿಂದೆ ತೆಗೆದು ಯಾರಿಗೆ ಹೇಳಬೇಕು. ಅಂದರೆ ಮುಟ್ಟಬೇಡ ಎಂಬುದೇ ಅದರ ಸಾರ. ಬಿಚ್ಚುವುದು ಹೇಗೆ ಎಂದು ಅದು ಕಲಿಸುವುದೇ ಇಲ್ಲ. ಬಸ್ಸು ಬಂದಾಗ ರಸ್ತೆ ಬಿಟ್ಟು ನಿಲ್ಲಬೇಕು ಎಂದು ಕಲಿತವನ ಕೈಗೆ ಕುಂದಾಪುರ–ಬೈಂದೂರು ಬಸ್ಸಿನ ಸ್ಟೇರಿಂಗ್ ಕೊಟ್ಟ ಹಾಗೆ, ಜಾಗೃತಿಯ ಸರ್ಟಿಫಿಕೇಟು ಹಿಡಿದವನನ್ನು ಮಾಡು ಕೀಳಲು ಹತ್ತಿಸುತ್ತೇವೆ. ಕಾಗದ ಇಲ್ಲದ ಕೆಲಸಗಾರ ಅಷ್ಟಿಷ್ಟು ಅಳುಕುತ್ತಾನೆ. ಕಾಗದ ಇದ್ದವನು ಅಳುಕುವುದಿಲ್ಲ. ಕಂತ್ರಾಟುದಾರರಿಗೂ ನಾಳೆ ಏನಾದರೂ ಆದರೆ ತೋರಿಸಲು ಅದೊಂದು ಇರುತ್ತದೆ.

ಹಾಗಾದರೆ ಯಾರಿಗೆ ಯಾವುದು? ನಮ್ಮ ಮೂರು ತಾಲೂಕುಗಳನ್ನೇ ಕಣ್ಣೆದುರು ಇಟ್ಟುಕೊಂಡು ಹೇಳುತ್ತೇನೆ. ಶೀಟಿನ ಹತ್ತಿರ ಕೆಲಸ ಮಾಡಿದರೂ ಶೀಟೇ ತಮ್ಮ ಕೆಲಸವಲ್ಲದವರ ದೊಡ್ಡ ಗುಂಪೊಂದಿದೆ. ಎಲೆಕ್ಟ್ರೀಷಿಯನ್ನರು, ಪ್ಲಂಬರುಗಳು, ಪೇಂಟರುಗಳು, ಕೇಬಲ್ ಎಳೆಯುವ ಹುಡುಗರು, ಕಂಬದಿಂದ ಮನೆಗೆ ಸರ್ವಿಸ್ ವಯರು ಕೊಡುವ ಮೆಸ್ಕಾಂ ಸಿಬ್ಬಂದಿ. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಮಾಡಿನ ಮೇಲೆ ಸೋಲಾರ್ ಫಲಕ ಕೂರಿಸುವವರೂ ಈ ಸಾಲಿಗೆ ಸೇರಿದರು. ಪಂಚಾಯತಿನ ಎಸ್‌ಎಲ್‌ಆರ್‌ಎಂ ಘಟಕಗಳಲ್ಲಿ ಒಣಕಸ ಬೇರ್ಪಡಿಸುವ ಹೆಂಗಸರನ್ನು ಎಲ್ಲರೂ ಮರೆಯುತ್ತಾರೆ, ಚೀಲದೊಳಗೆ ಒಡೆದ ಶೀಟಿನ ಚೂರು ಬರುವುದು ಅವರ ಕೈಗೇ. ಇವರಿಗೆಲ್ಲ ಆ ಅರ್ಧ ದಿನದ ಜಾಗೃತಿ ಪಾಠ ಸರಿಯಾಗಿಯೇ ಹೊಂದುತ್ತದೆ. ಒಂದು ತೂತು ಕೊರೆಯಬೇಕಾದರೂ ಕೊರೆಯುವ ಮೊದಲು ಕೇಳಬೇಕು ಎಂದು ಅವರಿಗೆ ಗೊತ್ತಾದರೆ ಸಾಕು.

ಎರಡನೆಯವರು ಶೀಟನ್ನೇ ಮುಟ್ಟಿ ಬದುಕುವವರು. ವೆಲ್ಡಿಂಗ್, ಫ್ಯಾಬ್ರಿಕೇಶನ್ ಅಂಗಡಿಗಳ ತಂಡಗಳು, ಹಳೆಯ ಸಿಮೆಂಟ್ ಶೀಟು ತೆಗೆದು ತಗಡಿನ ಶೀಟು ಹೊದಿಸುವವರು, ಮರದ ಕೆಲಸದವರು, ಮುಚ್ಚಿದ ಗೇರುಬೀಜ ಕಾರ್ಖಾನೆಯನ್ನೋ ಅಕ್ಕಿ ಗಿರಣಿಯನ್ನೋ ಗುಜರಿಗೆ ಕೊಂಡು ಬಿಚ್ಚುವವರು. ಹೆದ್ದಾರಿ 66ನ್ನು ಅಗಲ ಮಾಡುವಾಗ ರಸ್ತೆ ಬದಿಯ ಅಂಗಡಿಗಳನ್ನು ಕೆಡವಿದ್ದು ಇಂಥ ಕೈಗಳೇ. ಇವರಿಗೆ ಜಾಗೃತಿ ಪಾಠ ಏನೇನೂ ಸಾಲದು. ಶೀಟಿಗೆ ಸೋಪಿನ ನೀರು ಹೊಡೆದು ನೆನೆಸುವುದು, ಬೋಲ್ಟನ್ನು ಕಟ್ಟರಿನಿಂದ ಕತ್ತರಿಸಿ ಶೀಟನ್ನು ಇಡಿಯಾಗಿ ಇಳಿಸುವುದು, ಮೇಲಿಂದ ಎಸೆಯದಿರುವುದು, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೇಪು ಹಾಕುವುದು, ಬಿದ್ದ ಪುಡಿಯನ್ನು ಹಿಡಿಸೂಡಿಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಹಾಕಿದ ಅಂಗಿಯನ್ನು ಮನೆಯ ಬಟ್ಟೆಯ ಜತೆ ಒಗೆಯಲು ಕೊಡದಿರುವುದು. ಗಂಡಂದಿರ ಕೆಲಸದ ಬಟ್ಟೆ ಒಗೆದೇ ಕಾಯಿಲೆ ಬಿದ್ದ ಹೆಂಗಸರ ಪ್ರಕರಣಗಳು ಬೇರೆ ದೇಶಗಳ ವೈದ್ಯಕೀಯ ದಾಖಲೆಗಳಲ್ಲಿ ಬೇಕಾದಷ್ಟಿವೆ. ಇದ್ಯಾವುದೂ ಪರದೆಯ ಮೇಲೆ ನೋಡಿ ಬರುವ ವಿದ್ಯೆಯಲ್ಲ. ಆಳೆತ್ತರದ ಚೌಕಟ್ಟಿಗೆ ಶೀಟು ಕೂರಿಸಿ ಪ್ರತಿಯೊಬ್ಬರ ಕೈಯಲ್ಲೂ ಬಿಚ್ಚಿಸಿ ನೋಡಬೇಕು. ಅಭ್ಯಾಸಕ್ಕೆ ಕಲ್ನಾರಿಲ್ಲದ ಶೀಟೇ ಸಾಕು.

ಗ್ಯಾರೇಜಿನವರು ಈ ಎರಡನೆಯ ಗುಂಪಿನ ದಾಯಾದಿಗಳು. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುತ್ತದೆ, ಡ್ರಮ್ಮಿನ ಧೂಳನ್ನು ಗಾಳಿಪೈಪಿನಿಂದ ಊದುವುದು ನಮ್ಮಲ್ಲಿ ಎಲ್ಲೆಡೆ ರೂಢಿ. ಅವರಿಗೆ ಮಾಡು ಹತ್ತುವ ಪಾಠ ಬೇಡ, ಊದಬೇಡಿ ಒರೆಸಿ ಎಂಬ ಪಾಠ ಬೇಕು. ಇಲ್ಲೂ ಅದೇ ಸೂತ್ರ, ಕೈ ಏನು ಮಾಡುತ್ತದೆ ಎಂಬುದನ್ನು ನೋಡಿ.

ಮೂರನೆಯದು ಪುಡಿಯಾಗುವ ಕಲ್ನಾರು. ಹಬೆಯ ಪೈಪಿಗೆ, ಬಾಯ್ಲರಿಗೆ ಬಳಿದ ಅಥವಾ ಸುತ್ತಿದ ಹಳೆಯ ಹೊದಿಕೆ, ದೋಣಿಯ ಇಂಜಿನ್ನಿನ ಹೊಗೆಪೈಪಿಗೆ ಬಿಗಿದ ಹಳೆಯ ಹಗ್ಗ ಇಂಥವುಗಳಲ್ಲಿ ಅದು ಇರಬಹುದು. ಸಿಮೆಂಟಿನ ಬಿಗಿತ ಇಲ್ಲದ್ದರಿಂದ ಬೆರಳಿನಲ್ಲಿ ಹಿಸುಕಿದರೂ ಹಾರುತ್ತದೆ. ಅದನ್ನು ಕೀಳುವ ಜಾಗವನ್ನು ಸುತ್ತಲೂ ಮುಚ್ಚಬೇಕು, ಗಾಳಿಯನ್ನು ಒಳಕ್ಕೇ ಎಳೆದು ಸೋಸಬೇಕು, ಕೆಲಸಗಾರ ಹೊರಬರುವಾಗ ಮೈ ತೊಳೆದೇ ಬರಬೇಕು. ಮೂರೂ ದರ್ಜೆಯ ತರಬೇತಿಯನ್ನು ಇಲ್ಲಿಗೇ ತರೋಣ ಎನ್ನುವ ಉತ್ಸಾಹಿಗಳ ಜತೆ ನನಗೆ ಭಿನ್ನಾಭಿಪ್ರಾಯ ಇರುವುದು ಇಲ್ಲಿ. ಈ ಕೆಲಸ ನಮ್ಮಲ್ಲಿ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ವರ್ಷಕ್ಕೊಮ್ಮೆ ಬಳಸುವ ವಿದ್ಯೆ ಕೈಯಲ್ಲಿ ನಿಲ್ಲುವುದಿಲ್ಲ, ಆದರೆ ಕಲಿತಿದ್ದೇನೆ ಎಂಬ ಧೈರ್ಯ ಮಾತ್ರ ನಿಲ್ಲುತ್ತದೆ. ಇದನ್ನು ಇಲ್ಲಿ ಕಲಿಸಲೇಬಾರದು. ಗಂಗೊಳ್ಳಿಯ ಮೆಕ್ಯಾನಿಕ್ಕಿಗೂ ಗುಜರಿಯವರಿಗೂ ಕಲಿಸಬೇಕಾದದ್ದು ಅದನ್ನು ಗುರುತಿಸಿ ಕೆಲಸ ನಿಲ್ಲಿಸುವುದನ್ನು. ಕೀಳಲು ಹೊರಗಿನಿಂದ ತಂಡ ಕರೆಸಲಿ.

"ಇದೆಲ್ಲ ಇಂಗ್ಲೆಂಡಿನ ಲೆಕ್ಕ, ನಮ್ಮೂರಿಗೆ ಆಗುವಂಥದ್ದಲ್ಲ."

ಮೂರು ದರ್ಜೆಯ ವಿಂಗಡಣೆ ಬ್ರಿಟನ್ನಿನ 2012ರ ನಿಯಮಗಳಲ್ಲಿ ಇದೆ, ಹೌದು. ಜಾಗೃತಿ, ಪರವಾನಗಿ ಬೇಡದ ಕೆಲಸ, ಪರವಾನಗಿ ಬೇಕಾದ ಕೆಲಸ ಎಂದು ಅವರು ಬೇರೆ ಬೇರೆ ಮಾಡಿದ್ದಾರೆ. ಸಿಮೆಂಟ್ ಶೀಟನ್ನು ಒಡೆಯದೆ ಇಳಿಸುವುದು ಅಲ್ಲಿ ಸಾಮಾನ್ಯವಾಗಿ ಎರಡನೆಯದರಲ್ಲಿ ಬರುತ್ತದೆ. ಅಮೆರಿಕದಲ್ಲಿ ಶಾಲೆಗಳಿಗೆಂದು ಮಾಡಿದ ನಿಯಮ ಇನ್ನೂ ಸ್ಪಷ್ಟ. ಕಟ್ಟಡ ಗುಡಿಸಿ ಒರೆಸುವವರಿಗೆ 2 ಗಂಟೆ, ದುರಸ್ತಿಯ ವೇಳೆ ಕಲ್ನಾರನ್ನು ಕದಲಿಸಬೇಕಾದವರಿಗೆ ಅದರ ಮೇಲೆ ಇನ್ನೂ 14 ಗಂಟೆ, ಕಿತ್ತು ತೆಗೆಯುವುದನ್ನೇ ಕಸುಬು ಮಾಡಿಕೊಂಡವರಿಗೆ 32 ಗಂಟೆ. ಆ ಗಂಟೆಗಳನ್ನು ನಕಲು ಮಾಡಿ ಎಂದು ನಾನು ಹೇಳುತ್ತಿಲ್ಲ. ಎರಡು ದೇಶಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ತೀರ್ಮಾನಕ್ಕೆ ಬಂದಿವೆ ಎಂಬುದನ್ನು ಗಮನಿಸಿ ಎನ್ನುತ್ತೇನೆ. ನಮಗೆ ಆಗದ ಭಾಗವೂ ಇದೆ. ಮುಖಕ್ಕೆ ಗಾಳಿಯಾಡದಂತೆ ಬಿಗಿಯುವ ಮಾಸ್ಕು, ತಲೆಯಿಂದ ಕಾಲಿನವರೆಗೆ ಮುಚ್ಚುವ ಅಂಗಿ ಹಾಕಿಕೊಂಡು ಮೇ ತಿಂಗಳ ಸೆಖೆಯಲ್ಲಿ ಶೀಟಿನ ಮೇಲೆ ಗಂಟೆಗಟ್ಟಲೆ ನಿಂತರೆ ಕಲ್ನಾರಿಗಿಂತ ಮೊದಲು ಬಿಸಿಲೇ ಕೆಡವೀತು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಕೆಲಸ, ಆಗಾಗ ಇಳಿದು ವಿಶ್ರಾಂತಿ, ನೀರು ಕುಡಿಯುವ ಮೊದಲು ಕೈಮುಖ ತೊಳೆಯುವ ಕ್ರಮ, ಇವನ್ನು ನಮ್ಮ ತರಬೇತಿಯೇ ಹೊಸದಾಗಿ ಬರೆದುಕೊಳ್ಳಬೇಕು. ಲಂಡನ್ನಿನ ಪುಸ್ತಕದಲ್ಲಿ ಅದು ಸಿಗುವುದಿಲ್ಲ.

ಮಾಸ್ಕಿನ ಮಾತು ಬಂದದ್ದರಿಂದ ಅದರದ್ದೇ ಆಕ್ಷೇಪಕ್ಕೂ ಇಲ್ಲೇ ಉತ್ತರಿಸುತ್ತೇನೆ. ಮೂಗಿಗೆ ಬೈರಾಸು ಕಟ್ಟಿಕೊಂಡರೆ ಸಾಕು ಎನ್ನುತ್ತಾರೆ. ಸಾಲದು. ಕೊರೊನಾ ಕಾಲದ ನೀಲಿ ಮಾಸ್ಕೂ ಸಾಲದು. ಒಳ್ಳೆಯ ಮಾಸ್ಕು ಕೂಡ ಗಡ್ಡದ ಮೇಲೆ ಕೂರುವುದಿಲ್ಲ, ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಅದಕ್ಕೆ ಮುಖಕ್ಕೆ ಸರಿಹೊಂದುತ್ತದೆಯೇ ಎಂದು ಒಬ್ಬೊಬ್ಬರನ್ನೇ ಪರೀಕ್ಷಿಸಬೇಕು. ಹಾಗೆಂದು ಮಾಸ್ಕನ್ನೇ ತರಬೇತಿಯ ತಲೆಬರಹ ಮಾಡುವುದು ತಪ್ಪು. ಮೊದಲ ಪಾಠ ಧೂಳೇ ಏಳದಂತೆ ಮಾಡುವುದು, ಮಾಸ್ಕು ಅದರ ನಂತರದ್ದು.

"ಬೋಲ್ಟಿನ ಸಾಲಿನ ಮೇಲೇ ಕಾಲಿಟ್ಟರೆ ಬೀಳುವುದಿಲ್ಲ. ಅದನ್ನು ಕಲಿಸಲು ತರಬೇತಿ ಬೇರೆ ಬೇಕೆ?"

ಬೇಕು, ಆ ನಂಬಿಕೆಯನ್ನು ಬಿಡಿಸುವುದಕ್ಕೇ ಬೇಕು. ಬೋಲ್ಟಿನ ಕೆಳಗೆ ಪರ್ಲಿನ್, ಅಂದರೆ ಶೀಟು ಹೊರುವ ಅಡ್ಡಪಟ್ಟಿ, ಇರುತ್ತದೆ ನಿಜ. ಆದರೆ ಶೀಟಿನ ತುಂಡು ಹಿಡಿದು ಬಗ್ಗಿದಾಗ ಕಾಲು ಅರ್ಧ ಅಡಿ ಜಾರುವುದೂ ನಿಜ. ಹಳೆಯ ಶೀಟು ಕಾಲಿಟ್ಟಾಗ ಸದ್ದು ಮಾಡಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಬಿರಿಯುತ್ತದೆ. ಕೆಳಗೆ ಹಟ್ಟಿಯ ಸಿಮೆಂಟು ನೆಲ. ಕಲ್ನಾರಿನ ರೋಗ ಮೂವತ್ತು ವರ್ಷ ಕಾಯುತ್ತದೆ, ಇದು ಕಾಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ತರಗೆಲೆ ಗುಡಿಸಲು, ಸೋರುವಲ್ಲಿ ಟಾರು ಹಚ್ಚಲು ಶೀಟಿನ ಮೇಲೆ ಹತ್ತಿ ಕೆಳಗೆ ಬಿದ್ದವರ ಸುದ್ದಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ.

ತರಬೇತಿ ಮಾರುವವರ ಪಠ್ಯಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದೇ. ಕಲ್ನಾರಿನ ಪಾಠದಲ್ಲಿ ಎಳೆಯ ವಿಷಯ ಇರುತ್ತದೆ, ಬೀಳುವ ವಿಷಯ ಇರುವುದಿಲ್ಲ. ಎತ್ತರದ ಕೆಲಸದ ಪಾಠದಲ್ಲಿ ಬೀಳುವ ವಿಷಯ ಇರುತ್ತದೆ, ಎಳೆಯ ವಿಷಯ ಇರುವುದಿಲ್ಲ. ಶೀಟಿನ ಮೇಲೆ ನಿಂತವನಿಗೆ ಎರಡೂ ಒಂದೇ ಗಳಿಗೆಯಲ್ಲಿ ಎದುರಾಗುತ್ತವೆ. ಧೂಳಾಗದಿರಲಿ ಎಂದು ನೀರು ಹೊಡೆದರೆ ಪಾಚಿ ಕಟ್ಟಿದ ಶೀಟು ಜಾರುತ್ತದೆ, ಜಾರದಿರಲಿ ಎಂದು ಒಣಗಿಸಿದರೆ ಧೂಳೇಳುತ್ತದೆ. ಹಾಗಾಗಿ ಸಾಧ್ಯವಾದಲ್ಲೆಲ್ಲ ಶೀಟಿನ ಮೇಲೆ ಹತ್ತದೆ ಕೆಳಗಿನಿಂದ ಅಟ್ಟ ಕಟ್ಟಿ ಬಿಚ್ಚುವುದು, ಹತ್ತಲೇಬೇಕಾದರೆ ಪರ್ಲಿನ್‌ನಿಂದ ಪರ್ಲಿನ್‌ಗೆ ಅಗಲವಾದ ಹಲಗೆ ಹಾಸಿ ಹಲಗೆಯ ಮೇಲೆ ಮಾತ್ರ ನಿಲ್ಲುವುದು, ಬೆಲ್ಟನ್ನು ಶೀಟಿನ ಬೋಲ್ಟಿಗೆ ಸಿಕ್ಕಿಸದೆ ಗಟ್ಟಿಯಾದ ತೊಲೆಗೆ ಕಟ್ಟುವುದು. ಯಾವುದೇ ತರಬೇತಿ ಸಂಸ್ಥೆಯನ್ನು ಆರಿಸುವಾಗ ಕಂತ್ರಾಟುದಾರರು ಕೇಳಬೇಕಾದ ಮೊದಲ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ: ನೀವು ಹಲಗೆ ಹಾಸುವುದನ್ನು ಕಲಿಸುತ್ತೀರೋ ಇಲ್ಲವೋ? ಇಲ್ಲ ಎಂದರೆ ಆ ತರಬೇತಿ ಶೀಟಿನವರಿಗೆ ಅಲ್ಲ.

"ಮೊಬೈಲಿನಲ್ಲೇ ಕೋರ್ಸು ಇದೆ, ಒಂದು ಗಂಟೆಯಲ್ಲಿ ಸರ್ಟಿಫಿಕೇಟು ಬರುತ್ತದೆ."

ಮೊದಲ ಗುಂಪಿಗೆ ಬೇಕಾದರೆ ಒಪ್ಪಬಹುದು, ಅದೂ ನಮ್ಮ ಭಾಷೆಯಲ್ಲಿದ್ದರೆ. ಎರಡನೆಯ ಗುಂಪಿಗೆ ಬೇಡವೇ ಬೇಡ. ಗಲ್ಫಿನಿಂದ ಬಂದವರ ಕಿಸೆಯಲ್ಲಿರುವ ಹಳೆಯ ಸುರಕ್ಷತಾ ಕಾರ್ಡಿನ ಮಾತೂ ಇದೇ. ಯಾವ ಕೆಲಸಕ್ಕೆ ಕೊಟ್ಟದ್ದು, ಯಾವ ವರ್ಷದ್ದು ಎಂದು ನೋಡದೆ ಅದನ್ನು ಇಲ್ಲಿ ಚಲಾಯಿಸಬಾರದು. ಭಾಷೆಯ ಬಗ್ಗೆ ಇನ್ನೊಂದು ಮಾತು. ಇಲ್ಲಿಯ ಮಾಡಿನ ಮೇಲೆ ಈಗ ಕುಂದಗನ್ನಡ ಮಾತ್ರ ಕೇಳಿಸುವುದಿಲ್ಲ. ಕೊಪ್ಪಳ, ಬಾಗಲಕೋಟೆ, ಗದಗದ ಕನ್ನಡ ಇದೆ, ಬಿಹಾರ ಒಡಿಶಾಗಳಿಂದ ಬಂದವರ ಹಿಂದಿಯೂ ಇದೆ. ಎಲ್ಲಕ್ಕಿಂತ ಹೆಚ್ಚು ಧೂಳು ತಿನ್ನುವ ಕೆಲಸ ಬೀಳುವುದು ಎಲ್ಲರಿಗಿಂತ ಕೊನೆಗೆ ಬಂದ ಹುಡುಗನ ಪಾಲಿಗೆ. ಅವನಿಗೆ ತಿಳಿಯದ ಭಾಷೆಯಲ್ಲಿ ಕೊಟ್ಟ ತರಬೇತಿಯನ್ನು ಕೊಟ್ಟದ್ದು ಎಂದು ಲೆಕ್ಕ ಹಿಡಿಯಬಾರದು. ಮೇಸ್ತ್ರಿಗೆ ಕಲಿಸಿದರೆ ಅವರೇ ಹುಡುಗರಿಗೆ ಹೇಳುತ್ತಾರೆ ಎಂಬ ವಾದಕ್ಕೂ ನನ್ನ ಉತ್ತರ ಇದೇ. ಮೇಸ್ತ್ರಿಗೆ ಹೆಚ್ಚು ಕಲಿಸಿ, ಗ್ರೈಂಡರ್ ಹಿಡಿಯುವವನಿಗೆ ಕಲಿಸುವುದನ್ನು ಬಿಡಬೇಡಿ.

"ಕಾನೂನೇ ಕೇಳುವುದಿಲ್ಲ, ನೀವೇಕೆ ಕೇಳುತ್ತೀರಿ?"

ಕಾನೂನು ಪೂರ್ತಿ ಮೌನವಾಗಿಲ್ಲ. ಕಾರ್ಖಾನೆ ಕಾಯ್ದೆ ಕಲ್ನಾರಿನಿಂದ ಬರುವ ಶ್ವಾಸಕೋಶದ ಕಾಯಿಲೆಯನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಗಾಳಿಯಲ್ಲಿ ಇರಬಹುದಾದ ಎಳೆಗೆ ಮಿತಿಯನ್ನೂ ಹಾಕಿತ್ತು, ಬಿಳಿ ಕಲ್ನಾರಿಗೆ ಒಂದು ಮಿಲಿಲೀಟರ್ ಗಾಳಿಗೆ 1 ಎಳೆ. ಬ್ರಿಟನ್ನಿನ ಮಿತಿ ಅದರ ಹತ್ತನೇ ಒಂದು ಪಾಲು. ಕಲ್ನಾರು ಮುಟ್ಟುವ ಕೆಲಸಗಾರರ ಮೈರಕ್ಷಣೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 12078, ತ್ಯಾಜ್ಯ ವಿಲೇವಾರಿಗೆ ಐಎಸ್ 11768, ಎರಡೂ 1980ರ ದಶಕದಿಂದಲೇ ಇವೆ. ಓದಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು. ಆದರೆ ಆಕ್ಷೇಪಿಸುವವರ ಒಂದು ಅಂಶ ಸರಿ: ನಾಲ್ಕು ಜನರ ಶೀಟಿನ ತಂಡ ಕಾನೂನಿನ ಬಲೆಯ ಕಣ್ಣಿನಲ್ಲಿ ನುಸುಳಿ ಹೋಗುತ್ತದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹತ್ತು ಮಂದಿಯ ಲೆಕ್ಕ ಇಟ್ಟಿತ್ತು, ಸಣ್ಣ ಸ್ವಂತ ಮನೆಗಳನ್ನು ಹೊರಗಿಟ್ಟಿತ್ತು. ಅದಕ್ಕೇ ನಾನು ಕೇಳುತ್ತಿರುವುದು ಕಾನೂನನ್ನಲ್ಲ, ಕೆಲಸ ಕೊಡುವವರನ್ನು. ಶಾಲೆಯ ಮಾಡು ಬದಲಿಸಲು ಟೆಂಡರು ಕರೆಯುವ ಪಂಚಾಯತು, ಸಹಕಾರಿ ಸಂಘ, ದೇವಸ್ಥಾನದ ಆಡಳಿತ ಮಂಡಳಿ ಇವರೆಲ್ಲ ಎರಡನೇ ದರ್ಜೆಯ ತರಬೇತಿ ಪಡೆದ ತಂಡಕ್ಕೇ ಕೆಲಸ ಎಂಬ ಒಂದು ಸಾಲನ್ನು ಷರತ್ತಿನಲ್ಲಿ ಬರೆಯಲು ಯಾವ ಶಾಸನಸಭೆಯ ಅಪ್ಪಣೆಯೂ ಬೇಡ.

"ನಿಷೇಧಿಸಿ. ತರಬೇತಿ ಕೊಡುವುದೆಂದರೆ ವಿಷಕ್ಕೆ ಮಾನ್ಯತೆ ಕೊಟ್ಟ ಹಾಗೆ."

ಈ ಮಾತಿನ ಹಿಂದಿನ ಸಿಟ್ಟು ನನಗೆ ಅರ್ಥವಾಗುತ್ತದೆ. ಸ್ವಂತ ನೆಲದ ಕಲ್ನಾರು ಗಣಿಗಾರಿಕೆಯನ್ನು ನಿಲ್ಲಿಸಿ, ಹೊರದೇಶಗಳಿಂದ, ಮುಖ್ಯವಾಗಿ ರಷ್ಯಾದಿಂದ, ಹಡಗುಗಟ್ಟಲೆ ತರಿಸಿಕೊಳ್ಳುವ ದೇಶ ನಮ್ಮದು. ನಿಷೇಧ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2011ರಲ್ಲಿ ತಳ್ಳಿಹಾಕಿತು. ಪಕ್ಕದ ಕೇರಳದಲ್ಲಿ ಅಲ್ಲಿಯ ಮಾನವ ಹಕ್ಕು ಆಯೋಗ 2009ರಲ್ಲೇ ಶಾಲೆಗಳ ಕಲ್ನಾರು ಮಾಡು ತೆಗೆಸಿ ಎಂದಿತ್ತು. ನಿಷೇಧ ಬರಲಿ, ನಾನೂ ಕೈ ಎತ್ತುತ್ತೇನೆ. ಆದರೆ ನಿಷೇಧದ ಮರುದಿನ ಏನಾಗುತ್ತದೆ? ಊರ ತುಂಬ ಇರುವ ಶೀಟನ್ನು ಯಾರೋ ಇಳಿಸಬೇಕಲ್ಲ. ಕೇರಳದಂತೆ ಶಾಲೆಯ ಮಾಡು ತೆಗೆಸಿ ಎಂಬ ಆದೇಶ ಬಂದರೂ ಏಣಿ ಹತ್ತುವುದು ಅದೇ ಕೂಲಿಯವರು. ಬ್ರಿಟನ್ 1999ರಲ್ಲಿ ಕೊನೆಯ ಬಗೆಯನ್ನೂ ನಿಷೇಧಿಸಿತು. ಇಂದಿಗೂ ಅಲ್ಲಿ ವರ್ಷಕ್ಕೆ ಸುಮಾರು ಐದು ಸಾವಿರ ಮಂದಿ ಹಿಂದೆ ಉಸಿರಾಡಿದ ಕಲ್ನಾರಿನಿಂದ ಸಾಯುತ್ತಾರೆ, ಇಂದಿಗೂ ತರಬೇತಿಗಳು ನಡೆಯುತ್ತಿವೆ. ನಿಷೇಧದಿಂದ ತರಬೇತಿಯ ಅಗತ್ಯ ಹೆಚ್ಚುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ. ಗಾಳಿಯಂತೂ ಯಾವ ಆದೇಶಕ್ಕೂ ಕಾಯುವುದಿಲ್ಲ. 2021ರ ಮೇ ಮಧ್ಯಭಾಗದಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲತೀರವನ್ನು ಹೊಡೆದುಹೋದ ಹಾಗೆ ಇನ್ನೊಂದು ಬಂದರೆ, ಮರುದಿನ ಒಡೆದ ಶೀಟನ್ನು ಬರಿಗೈಯಲ್ಲಿ ಹೆಕ್ಕುವವರು ಮನೆಯವರೇ.

"ಕೆಲಸ ಬಿಟ್ಟು ತರಬೇತಿಗೆ ಬಂದರೆ ಅಂದಿನ ಕೂಲಿ ಯಾರು ಕೊಡುತ್ತಾರೆ?"

ನ್ಯಾಯವಾದ ಪ್ರಶ್ನೆ. ಕೂಲಿ ಕೊಡದ ತರಬೇತಿಗೆ ಯಾರೂ ಬರುವುದಿಲ್ಲ, ಬರಬೇಕೆಂದು ಕೇಳುವ ಹಕ್ಕೂ ನಮಗಿಲ್ಲ. ಕಟ್ಟಡಗಳ ಮೇಲೆ ವಸೂಲಾಗುವ ಶೇಕಡ 1ರ ಸೆಸ್ಸು ಇರುವುದೇ ಇಂಥವರ ಕ್ಷೇಮಕ್ಕೆ, ಅದರಿಂದ ಕೊಡಲಿ. ಸಮಯವಂತೂ ನಮ್ಮ ಪಂಚಾಂಗದಲ್ಲೇ ಇದೆ. ಮಾರ್ಚಿನಿಂದ ಮೇವರೆಗೆ ಶೀಟಿನವರನ್ನು ಮಾತಾಡಿಸಲೂ ಆಗುವುದಿಲ್ಲ. ಜೂನ್ ಹುಟ್ಟಿ ಮಳೆ ಹಿಡಿಯಿತೆಂದರೆ ಮಾಡಿನ ಕೆಲಸ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೂ ರಜೆ, ದೋಣಿಗಳು ದಡದಲ್ಲಿರುತ್ತವೆ, ಗಂಗೊಳ್ಳಿಯ ಮೆಕ್ಯಾನಿಕ್ಕುಗಳೂ ಸಿಗುತ್ತಾರೆ. ಜಾಗವೂ ಹತ್ತಿರದಲ್ಲೇ ಇದೆ. ನಿರುದ್ಯೋಗಿ ಯುವಕರಿಗೆ ಕಸುಬು ಕಲಿಸುವ ರುಡ್‌ಸೆಟ್ ಸಂಸ್ಥೆ ಬ್ರಹ್ಮಾವರದಲ್ಲಿದೆ. ಅಂಥ ಕಡೆ ಒಂದು ಶೆಡ್ಡಿನೊಳಗೆ ಚೌಕಟ್ಟು ನಿಲ್ಲಿಸಿದರೆ ಮಳೆಯಲ್ಲೂ ಕೈಪಾಠ ನಡೆಯುತ್ತದೆ.

"ಇಷ್ಟೆಲ್ಲ ಜೋಪಾನವಾಗಿ ಇಳಿಸಿ ಸುತ್ತಿ ಇಟ್ಟರೆ, ಆಮೇಲೆ ಆ ಶೀಟನ್ನು ಎಲ್ಲಿ ಹಾಕುವುದು?"

ಆಕ್ಷೇಪಗಳಲ್ಲಿ ನಾನು ಬಹುಮಟ್ಟಿಗೆ ಒಪ್ಪುವುದು ಇದನ್ನು. ಇವತ್ತು ಒಡೆದ ಶೀಟು ಹೋಗುವುದು ಅಂಗಳದ ಗುಂಡಿಗೆ, ಓಣಿಯ ಕೆಸರಿಗೆ, ತೆಂಗಿನ ಕಟ್ಟೆಗೆ, ಹೊಳೆಯ ದಂಡೆಗೆ. ಅದರ ಮೇಲೆ ವಾಹನ ಹೋದಷ್ಟು ಸಲ ಪುಡಿಯಾಗುತ್ತದೆ. ಅಪಾಯಕಾರಿ ತ್ಯಾಜ್ಯವನ್ನು ಹೂಳುವ ವ್ಯವಸ್ಥೆ ದಾಬಸ್‌ಪೇಟೆಯ ಬಳಿ ಇದೆ, ಇಲ್ಲಿಂದ ಮುನ್ನೂರು ಚಿಲ್ಲರೆ ಕಿಲೋಮೀಟರ್, ನಡುವೆ ಘಟ್ಟ. ಹತ್ತು ಶೀಟು ಇಳಿಸಿದ ಮನೆಯವರು ಅದನ್ನು ಅಲ್ಲಿಗೆ ಕಳಿಸುತ್ತಾರೆ ಎಂದು ಯಾರೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ತಾಲೂಕಿಗೊಂದು ಜಾಗದಲ್ಲಿ ಸುತ್ತಿದ ಶೀಟನ್ನು ಒಟ್ಟುಮಾಡಿ, ಲಾರಿ ತುಂಬಿದಾಗ ಜಿಲ್ಲಾಡಳಿತವೇ ಕಳಿಸಬೇಕು. ಆ ಜಾಗ ಆಗುವವರೆಗೆ ತರಬೇತಿ ನಿಲ್ಲಿಸಬೇಕೆ? ಬೇಡ. ಒಡೆಯದೆ ಇಳಿಸಿ ಸುತ್ತಿಟ್ಟ ಶೀಟು ತೋಟದ ಮೂಲೆಯಲ್ಲಿ ಎರಡು ವರ್ಷ ಬಿದ್ದಿದ್ದರೂ, ಒಡೆದು ಓಣಿಗೆ ಹಾಕಿದ್ದಕ್ಕಿಂತ ಮೇಲು.

ಹಳೆಯ ಶೀಟಿನಲ್ಲಿ ಕಲ್ನಾರು ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ ಎಂದೂ ಕೇಳುತ್ತಾರೆ. ಶೀಟಿನ ಮೇಲೆ ಐಎಸ್ 459 ಎಂಬ ಮುದ್ರೆ ಕಂಡರೆ ಅದು ಕಲ್ನಾರಿನದ್ದೇ. ಮುದ್ರೆ ಅಳಿಸಿಹೋಗಿದ್ದರೆ ಇದೆ ಎಂದೇ ತಿಳಿದು ಕೆಲಸ ಮಾಡಿ.

ಇನ್ನು ಸರ್ಟಿಫಿಕೇಟು. ಅದು ಬೇಡ ಎನ್ನುವವನಲ್ಲ ನಾನು, ಕೆಲಸಗಾರನಿಗೆ ಅದರಿಂದ ಒಂದು ಬೆಲೆ ಬರುತ್ತದೆ. ಗೋಡೆಗೆ ತೂಗುಹಾಕುವ ಹಾಳೆಯ ಬದಲು ಕಿಸೆಯಲ್ಲಿ ಹಿಡಿಯುವ ಕಾರ್ಡು ಕೊಡಿ. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಹಿಂದಿ. ಯಾವ ವರ್ಷದವರೆಗೆ ನಡೆಯುತ್ತದೆ ಎಂದು ಮೇಲೆ ಬರೆಯಿರಿ. ಕೆಳಗೆ, ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ, ಈ ಕಾರ್ಡು ಹಿಡಿದವರಿಂದ ಯಾವ ಯಾವ ಕೆಲಸ ಮಾಡಿಸಬಾರದು ಎಂಬ ಪಟ್ಟಿ ಹಾಕಿ: ಶೀಟು ಕೊಯ್ಯುವುದು, ಶೀಟಿನ ಮೇಲೆ ಹತ್ತುವುದು, ಪೈಪಿನ ಹೊದಿಕೆ ಕೀಳುವುದು. ಕಾರ್ಡು ಯಾವ ದರ್ಜೆಯದ್ದೋ ಅದಕ್ಕೆ ತಕ್ಕಂತೆ ಪಟ್ಟಿ. ಮನೆಯ ಯಜಮಾನರು ಕೆಲಸ ಒಪ್ಪಿಸುವ ಮೊದಲು ಅದನ್ನು ಕೇಳಿ ತೆಗೆದುಕೊಂಡು ಓದಲಿ.